ಓದುಗರ ಪ್ರಶ್ನೆ: ನನ್ನ ಕವರಿಂಗ್ ಲೆಟರ್ ತಿದ್ದಿಕೊಡುತ್ತೀರಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವು: ಕೆಲಸಕ್ಕೆ ಅರ್ಜಿ ಹಾಕುವಾಗ ಮೇಲಿಟ್ಟು ಕಳುಹಿಸುವ ಒಂದು ಪುಟದ ಪತ್ರ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ. ಕೇಳಿದವರ ಹೆಸರುಗಳನ್ನು ಅವರ ಇಚ್ಛೆಯಂತೆ ಹಾಕಿಲ್ಲ.

ಪ್ರಶ್ನೆ: ನಾನು ಕನ್ನಡದಲ್ಲಿ ಎಂ.ಎ. ಮತ್ತು ಬಿ.ಎಡ್. ಮುಗಿಸಿ, ನಾಲ್ಕು ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ದಾವಣಗೆರೆಯ ಖಾಸಗಿ ಶಾಲೆಯೊಂದು ಕನ್ನಡ ಶಿಕ್ಷಕರು ಬೇಕೆಂದು ಜಾಹೀರಾತು ಕೊಟ್ಟಿದೆ. ಇದಕ್ಕೆ ಮೊದಲು ಆರು ಕಡೆ ಅರ್ಜಿ ಹಾಕಿದ್ದರೂ ಒಂದು ಕಡೆಯಿಂದಲೂ ಸಂದರ್ಶನಕ್ಕೆ ಕರೆ ಬಂದಿಲ್ಲ. ನನ್ನ ಪತ್ರವನ್ನೂ ಜಾಹೀರಾತಿನ ತುಣುಕನ್ನೂ ಲಗತ್ತಿಸಿದ್ದೇನೆ. ಎಲ್ಲಿ ತಪ್ಪಿದೆ ಎಂದು ತಿಳಿಸುವಿರಾ?
— ಓದುಗಿ, ಚಿತ್ರದುರ್ಗ ಜಿಲ್ಲೆ

ಪತ್ರದ ಮುಖ್ಯ ಭಾಗವನ್ನು ಇದ್ದಂತೆಯೇ ಅಚ್ಚು ಮಾಡಿದ್ದೇವೆ:

"ಗೆ, ಮುಖ್ಯೋಪಾಧ್ಯಾಯರವರಿಗೆ. ಮಾನ್ಯರೇ, ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಕನ್ನಡದಲ್ಲಿ ಸ್ನಾತ್ತಕೋತ್ತರ ಪದವಿ ಹಾಗೂ ಬಿ.ಎಡ್. ಪದವಿಯನ್ನು ಪಡೆದಿರುತ್ತೇನೆ. ಸರ್ಕಾರಿ ಪ್ರೌಡಶಾಲೆಯಲ್ಲಿ ನಾಲ್ಕು ವರ್ಷ ಸೇವೆ ಸಲ್ಲಿಸಿದ್ದು, ಬೋಧನೆಯಲ್ಲಿ ಅಪಾರ ಆಸಕ್ತಿ ಹಾಗೂ ಪ್ರಾವೀಣ್ಯತೆಯನ್ನು ಹೊಂದಿರುತ್ತೇನೆ. ನಾನು ಕಷ್ಟಪಟ್ಟು ದುಡಿಯುವ, ಪ್ರಾಮಾಣಿಕ ಹಾಗೂ ಜವಾಬ್ಧಾರಿಯುತ ವ್ಯಕ್ತಿಯಾಗಿದ್ದು, ಬಡ ಕುಟುಂಬದಿಂದ ಬಂದವಳಾದ ಕಾರಣ ತಾವುಗಳು ದಯಮಾಡಿ ಈ ಹುದ್ದೆಯನ್ನು ನೀಡಿ ಅನುಕೂಲ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ಉತ್ತರ: ಅರ್ಜಿಯ ಪತ್ರದ ಜೊತೆಗೆ ನಮಗೆಂದು ನೀವು ಬರೆದ ಚೀಟಿಯೊಂದಿತ್ತು. ನಿಜ ಹೇಳಬೇಕೆಂದರೆ ಅರ್ಜಿಗಿಂತ ಆ ಚೀಟಿಯೇ ನನಗೆ ಹೆಚ್ಚು ಹಿಡಿಸಿತು. ಒಂಬತ್ತನೆಯ ತರಗತಿಗೆ ಬಂದರೂ ತಡವರಿಸದೆ ಓದಲಾಗದ ಹನ್ನೊಂದು ಮಕ್ಕಳನ್ನು ಬೆಳಗಿನ ಪ್ರಾರ್ಥನೆಗೆ ಮೊದಲು ಅರ್ಧ ಗಂಟೆ ಕೂರಿಸಿಕೊಂಡು ಓದಿಸಿದ್ದನ್ನು, ವರ್ಷದ ಕೊನೆಗೆ ಅವರಲ್ಲಿ ಒಂಬತ್ತು ಮಂದಿ ಗದ್ಯಪಾಠವನ್ನು ತಾವೇ ಓದುವಂತಾದದ್ದನ್ನು, ಹದಿನೈದು ದಿನಕ್ಕೊಮ್ಮೆ ಮಕ್ಕಳ ಕೈಯಿಂದಲೇ ಗೋಡೆ ಪತ್ರಿಕೆ ಬರೆಸುವುದನ್ನು ನಮಗೆ ಹೇಳಿಕೊಂಡಿದ್ದೀರಿ. ಅರ್ಜಿಯಲ್ಲಿ ಇದರ ಸುಳಿವೇ ಇಲ್ಲ. ಅತ್ತ ಜಾಹೀರಾತಿನ ಎರಡನೆಯ ಸಾಲು "ಪಠ್ಯೇತರ ಚಟುವಟಿಕೆಗಳನ್ನು ನಡೆಸಬಲ್ಲವರಿಗೆ ಆದ್ಯತೆ" ಎನ್ನುತ್ತದೆ. ಅವರು ಕೇಳಿದ್ದು ನಿಮ್ಮಲ್ಲಿದೆ, ಆದರೆ ಅದನ್ನು ಬರೆದು ಕಳುಹಿಸಿದ್ದು ನಮ್ಮ ವಿಳಾಸಕ್ಕೆ!

ಆದ್ದರಿಂದ ತಿದ್ದುವ ಕೆಲಸವನ್ನು ಕಾಗುಣಿತದಿಂದ ಆರಂಭಿಸಬೇಡಿ. ಹೂರಣ ಸರಿಯಾದ ಮೇಲೆ ಕಣಕದ ಮಾತು. ಮೊದಲೇ ಒಂದೊಂದು ಒತ್ತಕ್ಷರವನ್ನೂ ಸರಿಮಾಡುತ್ತ ಕುಳಿತರೆ, ಆಮೇಲೆ ಹೇಗೂ ಹೊಡೆದುಹಾಕಬೇಕಾದ ವಾಕ್ಯಗಳ ಮೇಲೆ ಶ್ರಮ ವ್ಯರ್ಥವಾಗುತ್ತದೆ.

ಹೊಡೆದುಹಾಕಬೇಕಾದದ್ದು ಮೊದಲ ವಾಕ್ಯದಿಂದಲೇ ಶುರುವಾಗುತ್ತದೆ. "ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬುದನ್ನು ಶಾಲೆಯ ಪತ್ರಲೇಖನದ ಪಾಠದಲ್ಲಿ ಕಲಿತು, ರಜಾ ಚೀಟಿಯಿಂದ ಹಿಡಿದು ನಲ್ಲಿ ನೀರಿನ ದೂರಿನವರೆಗೆ ಎಲ್ಲಕ್ಕೂ ಬಳಸುತ್ತ ಬಂದಿದ್ದೇವೆ. ಅದನ್ನು ಬಿಟ್ಟರೆ ಅವಿಧೇಯತೆಯಾದೀತು ಎಂಬ ಅಂಜಿಕೆ ಹಲವರಲ್ಲಿದೆ. ಗೌರವಕ್ಕೆ "ಮಾನ್ಯರೇ" ಮತ್ತು "ತಮ್ಮ" ಎಂಬೆರಡೇ ಸಾಕು. ಓದುವವರ ಮೇಜಿನ ಮೇಲೆ ನಲವತ್ತು ಅರ್ಜಿಗಳಿದ್ದು, ನಲವತ್ತೂ ಹೀಗೆಯೇ ಆರಂಭವಾದರೆ ಅವರ ಕಣ್ಣು ಆ ಸಾಲನ್ನು ದಾಟಿಕೊಂಡೇ ಮುಂದೆ ಹೋಗುತ್ತದೆ. ನೀವು ಯಾರು, ಯಾವ ಹುದ್ದೆಯನ್ನು ಕೇಳುತ್ತಿದ್ದೀರಿ ಎಂಬುದು ಅಲ್ಲಿಯೇ ಇರಬೇಕಾಗಿತ್ತು.

ಎರಡನೆಯದು "ಪಡೆದಿರುತ್ತೇನೆ", "ಹೊಂದಿರುತ್ತೇನೆ" ಎಂಬ ಕಚೇರಿಯ ಕ್ರಿಯಾಪದ. "ಬೆಳಿಗ್ಗೆ ಹತ್ತಕ್ಕೆ ಶಾಲೆಯಲ್ಲಿರುತ್ತೇನೆ" ಎಂದರೆ ರೂಢಿಯ ಮಾತು, ಇಲ್ಲವೇ ಮುಂದಿನ ಮಾತು. ಪದವಿ ಹಾಗಲ್ಲ, ಒಮ್ಮೆ ಪಡೆದದ್ದು ಆಗಿಹೋಯಿತು. "ಪಡೆದಿದ್ದೇನೆ" ಎಂಬುದೇ ಸರಿ. ಸರ್ಕಾರಿ ಆದೇಶಗಳಿಂದ ಇಳಿದುಬಂದ ಈ ರೂಪ ಗುಮಾಸ್ತರಿಗೆ ಕ್ಷಮ್ಯವಿರಬಹುದು, ಕನ್ನಡ ಕಲಿಸಲು ಹೊರಟವರಿಗಲ್ಲ. ವಾಕ್ಯಗಳನ್ನು "ಸಲ್ಲಿಸಿದ್ದು", "ವ್ಯಕ್ತಿಯಾಗಿದ್ದು" ಎಂದು ಪೋಣಿಸುತ್ತ ಹೋಗುವುದೂ ಅದೇ ಮನೆತನದ್ದು. ಅದರಿಂದಾದ ಅನಾಹುತವನ್ನು ನಿಮ್ಮ ಕೊನೆಯ ವಾಕ್ಯದಲ್ಲೇ ನೋಡಿ: ಪ್ರಾಮಾಣಿಕತೆ, ಬಡತನ, ಕೋರಿಕೆ ಮೂರೂ ಒಂದೇ ದಾರದಲ್ಲಿ ಸೇರಿಕೊಂಡು, ಬಡತನವೇ ನಿಮ್ಮ ಅರ್ಹತೆ ಎಂಬಂತೆ ಅರ್ಥ ಹೊರಡುತ್ತದೆ.

ಬಡತನದ ಮಾತನ್ನು ತೆಗೆಯಿರಿ ಎನ್ನಲು ನನಗೂ ಕಷ್ಟವೇ, ಏಕೆಂದರೆ ಅದು ಸುಳ್ಳಲ್ಲ. ಆದರೆ ಶಾಲೆಯವರು ಹುಡುಕುತ್ತಿರುವುದು ಮಕ್ಕಳಿಗೆ ಪಾಠ ಮಾಡುವವರನ್ನು. ನಾಲ್ಕು ವರ್ಷ ದುಡಿದು ಅನುಭವ ಗಳಿಸಿದವರು ಅದನ್ನು ಹಿಂದಿಟ್ಟು ಕರುಣೆಯನ್ನು ಮುಂದಿಟ್ಟರೆ, ಓದುವವರ ಮನಸ್ಸು ಕರಗಿದರೂ ನಿಮ್ಮ ಪಾಠದ ಬಗ್ಗೆ ಅವರಿಗೆ ಏನೂ ತಿಳಿಯುವುದಿಲ್ಲ. "ಕಷ್ಟಪಟ್ಟು ದುಡಿಯುವ, ಪ್ರಾಮಾಣಿಕ" ಎಂಬ ವಿಶೇಷಣಗಳ ಗತಿಯೂ ಅಷ್ಟೇ. ಪ್ರಾರ್ಥನೆಗೆ ಅರ್ಧ ಗಂಟೆ ಮೊದಲು ಬಂದು ಮಕ್ಕಳನ್ನು ಓದಿಸಿದೆ ಎಂದು ಬರೆದವರು ಕಷ್ಟಪಟ್ಟು ದುಡಿಯುವವರೆಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಮಾತು: ಪತ್ರ ಓದಿದೊಡನೆ ಯಾರೂ ಹುದ್ದೆ ಕೊಡುವುದಿಲ್ಲ, ಕೊಟ್ಟರೆ ಸಂದರ್ಶನಕ್ಕೆ ಸಮಯ ಕೊಡುತ್ತಾರೆ. ಆದ್ದರಿಂದ ಕೇಳಬೇಕಾದದ್ದು ಅದನ್ನೇ.

ಇನ್ನು ಕಾಗುಣಿತ. "ಪ್ರೌಡ" ಅಲ್ಲ, ಪ್ರೌಢ. "ಸ್ನಾತ್ತಕೋತ್ತರ" ಅಲ್ಲ, ಸ್ನಾತಕ ಮತ್ತು ಉತ್ತರ ಸೇರಿ ಗುಣಸಂಧಿಯಾಗಿ ಸ್ನಾತಕೋತ್ತರ, ಆದ್ದರಿಂದ ಮೊದಲ ತಕಾರಕ್ಕೆ ಒತ್ತು ಬರಲು ಕಾರಣವೇ ಇಲ್ಲ. "ಜವಾಬ್ಧಾರಿ" ಎಂದು ಮಹಾಪ್ರಾಣ ಹಾಕುವ ಚಟ ಈಗ ಎಲ್ಲೆಡೆ ಹಬ್ಬಿದೆ. ಜವಾಬು ಎಂಬುದು ಪಾರಸಿ ಕಡೆಯಿಂದ ಬಂದ ಮಾತು, ಜಮೀನ್ದಾರ, ಹವಾಲ್ದಾರ ಮುಂತಾದವುಗಳಲ್ಲಿರುವ "ದಾರ" ಎಂಬ ಪ್ರತ್ಯಯವೇ ಇಲ್ಲಿಯೂ ಇರುವುದರಿಂದ ಜವಾಬ್ದಾರಿ ಎಂದೇ ಬರೆಯಬೇಕು. "ಪ್ರಾವೀಣ್ಯತೆ" ಎಂಬಲ್ಲಿ ಒಂದು ಬಾಲದ ಮೇಲೆ ಇನ್ನೊಂದು ಬಾಲ ಬೆಳೆದಿದೆ: ಪ್ರವೀಣನ ಗುಣ ಪ್ರಾವೀಣ್ಯ ಅಥವಾ ಪ್ರವೀಣತೆ, ಎರಡರಲ್ಲೊಂದು ಸಾಕು. ಪ್ರಾಮುಖ್ಯತೆ, ಸೌಜನ್ಯತೆಗಳಿಗೂ ಇದೇ ಚಿಕಿತ್ಸೆ. "ತಾವು" ಎಂಬುದೇ ಗೌರವದ ಬಹುವಚನವಾದ್ದರಿಂದ "ತಾವುಗಳು" ಬೇಡ. "ಮುಖ್ಯೋಪಾಧ್ಯಾಯರು" ಎಂಬುದರಲ್ಲೇ ಗೌರವ ಸೇರಿರುವುದರಿಂದ "ಮುಖ್ಯೋಪಾಧ್ಯಾಯರಿಗೆ" ಎಂದರೆ ಸಾಕು, "ರವರು" ಬೇಕಿಲ್ಲ. ಪತ್ರದ ನೆತ್ತಿಯ ಮೇಲೆ ಒಂಟಿಯಾಗಿ ನಿಂತಿರುವ "ಗೆ" ಎಂಬ ವಿಭಕ್ತಿ ಪ್ರತ್ಯಯವನ್ನೂ ಗಮನಿಸಿ. ಪ್ರಕೃತಿಯೇ ಇಲ್ಲದ ಪ್ರತ್ಯಯ ಅದು. ಚತುರ್ಥಿ ವಿಭಕ್ತಿಯನ್ನು ಕಲಿಸುವವರ ಪತ್ರದಲ್ಲಾದರೂ "ಇವರಿಗೆ" ಎಂದಿರಲಿ.

ಒಂದು ಪುಟದಲ್ಲಿ ಇಷ್ಟು ತಪ್ಪುಗಳಿದ್ದರೆ ಲೆಕ್ಕಿಗರ ಹುದ್ದೆಗೆ ನಡೆದೀತು. ಕನ್ನಡ ಶಿಕ್ಷಕರ ಹುದ್ದೆಗೆ ಈ ಪುಟವೇ ಮೊದಲ ಪರೀಕ್ಷೆ. ಆರು ಶಾಲೆಗಳ ಮೌನಕ್ಕೆ ಇದೇ ಕಾರಣವೆಂದು ನಾನು ಹೇಳಲಾರೆ, ಆದರೆ ಏಳನೆಯವರಿಗೆ ಈ ನೆಪ ಸಿಗದಿರಲಿ. ನಿಮ್ಮದೇ ಚೀಟಿಯ ಮಾತುಗಳನ್ನು ಎತ್ತಿಕೊಂಡು ಹೀಗೆ ಬರೆದು ನೋಡಿದೆ:

"ಮಾನ್ಯರೇ,

ತಮ್ಮ ಶಾಲೆಯ ಕನ್ನಡ ಭಾಷಾ ಶಿಕ್ಷಕರ ಹುದ್ದೆಗೆ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ಕನ್ನಡ ಎಂ.ಎ. ಮತ್ತು ಬಿ.ಎಡ್. ಪದವಿಗಳನ್ನು ಪಡೆದಿದ್ದೇನೆ. ನಾಲ್ಕು ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಕಲಿಸುತ್ತಿದ್ದೇನೆ.

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಸರಾಗವಾಗಿ ಓದಲಾಗದ ಹನ್ನೊಂದು ಮಕ್ಕಳಿಗೆ ಪ್ರತಿದಿನ ಪ್ರಾರ್ಥನೆಗೆ ಮೊದಲು ಅರ್ಧ ಗಂಟೆ ಓದಿನ ಅಭ್ಯಾಸ ಮಾಡಿಸಿದೆ. ವರ್ಷಾಂತ್ಯದ ವೇಳೆಗೆ ಅವರಲ್ಲಿ ಒಂಬತ್ತು ಮಂದಿ ಪಠ್ಯದ ಗದ್ಯಭಾಗವನ್ನು ತಾವಾಗಿಯೇ ಓದಬಲ್ಲವರಾದರು. ಮಕ್ಕಳೇ ಬರೆದು ಚಿತ್ರ ಬಿಡಿಸುವ ಗೋಡೆ ಪತ್ರಿಕೆಯನ್ನು ಹದಿನೈದು ದಿನಕ್ಕೊಮ್ಮೆ ಹೊರತರುತ್ತಿದ್ದೇನೆ. ಅವಕಾಶವಾದರೆ ಇಂಥ ಚಟುವಟಿಕೆಯನ್ನು ತಮ್ಮ ಶಾಲೆಯಲ್ಲಿಯೂ ನಡೆಸಲು ಇಷ್ಟಪಡುತ್ತೇನೆ.

ಸ್ವವಿವರ ಮತ್ತು ಪ್ರಮಾಣಪತ್ರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಸಂದರ್ಶನಕ್ಕೆ, ಅಗತ್ಯವಿದ್ದರೆ ಮಾದರಿ ಪಾಠಕ್ಕೆ, ತಾವು ತಿಳಿಸಿದ ದಿನ ಹಾಜರಾಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ"

ಇದರಲ್ಲಿ ನಿಮ್ಮ ಅನುಭವಕ್ಕೆ ಸರಿಹೊಂದದ ಮಾತೊಂದಿದ್ದರೂ ತೆಗೆದುಬಿಡಿ. ಮಾದರಿ ಪಾಠದ ಮಾತನ್ನು ನಾನಾಗಿ ಸೇರಿಸಿದ್ದೇನೆ. ಅದಕ್ಕೆ ನೀವು ಸಿದ್ಧರಿದ್ದರೆ ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ಇಂಗ್ಲಿಷಿನಲ್ಲಿ ಬರೆದ ಕವರಿಂಗ್ ಲೆಟರನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದಕ್ಕೆ ಕೊಟ್ಟು ಪಾಲಿಶ್ ಮಾಡಿಸಿದೆ. ಹಿರಿಯ ಎಂಜಿನಿಯರರಿಗೆ ತಪಾಸಣೆಯಲ್ಲಿ ನೆರವಾಗುತ್ತಿದ್ದೆ ಎಂದು ನಾನು ಬರೆದದ್ದು ಅದರ ಕೈಯಲ್ಲಿ "ಸ್ಪಿಯರ್‌ಹೆಡೆಡ್" (ಮುಂದಾಳಾಗಿ ನಡೆಸಿದೆ) ಎಂದಾಯಿತು. ಸಂದರ್ಶನದಲ್ಲಿ "ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು?" ಎಂದು ಕೇಳಿದಾಗ ಬೆವರಿದೆ. ಹಾಗಾದರೆ ಇಂಥ ನೆರವನ್ನು ಪಡೆಯಲೇಬಾರದೇ?
— ಓದುಗ, ಹುಬ್ಬಳ್ಳಿ

ಉತ್ತರ: ಪಡೆಯಬಹುದು. ಆದರೆ ಅದಕ್ಕೆ ಒಪ್ಪಿಸುವ ಕೆಲಸ ಯಾವುದೆಂಬುದನ್ನು ನೀವು ಗೆರೆ ಹಾಕಿ ಹೇಳಬೇಕು. "ಚೆನ್ನಾಗಿ ಮಾಡು" ಎಂದರೆ ಅದು ಚೆನ್ನಾಗಿ ಅಲಂಕರಿಸುತ್ತದೆ, ಮದುವೆ ಮಂಟಪದವರ ಹಾಗೆ. ಗಂಡು ಯಾರು, ಹೆಣ್ಣು ಯಾರು ಎಂಬುದು ಅದಕ್ಕೆ ಬೇಕಿಲ್ಲ. "ವ್ಯಾಕರಣದ ಮತ್ತು ಕಾಗುಣಿತದ ತಪ್ಪುಗಳನ್ನು ಮಾತ್ರ ತೋರಿಸು, ವಾಕ್ಯ ಬದಲಿಸಬೇಡ, ಹೊಸ ಮಾಹಿತಿ ಸೇರಿಸಬೇಡ" ಎಂದು ಹೇಳಿ ನೋಡಿ. ಬಂದದ್ದನ್ನು ನಿಮ್ಮ ಮೂಲದ ಪಕ್ಕದಲ್ಲಿಟ್ಟುಕೊಂಡು ಕ್ರಿಯಾಪದಗಳನ್ನಷ್ಟೇ ಒಂದೊಂದಾಗಿ ಹೋಲಿಸಿ. ಸುಳ್ಳು ನುಸುಳುವುದು ಹೆಚ್ಚಾಗಿ ಅಲ್ಲಿಯೇ: ನೆರವಾದದ್ದು ಮುನ್ನಡೆಸಿದ್ದಾಗುತ್ತದೆ, ನೋಡಿದ್ದು ನಿರ್ವಹಿಸಿದ್ದಾಗುತ್ತದೆ. ಸಂದರ್ಶನದಲ್ಲಿ ಎರಡು ನಿಮಿಷ ವಿವರಿಸಲಾಗದ ಯಾವ ಪದವೂ ಪತ್ರದಲ್ಲಿ ಉಳಿಯಬಾರದು.

ನಿಮ್ಮ ಮೂಲ ಪತ್ರವನ್ನೂ ನೋಡಿದೆ. ಅದರಲ್ಲಿ ದೊಡ್ಡ ದೋಷಗಳಿಲ್ಲ, ನಮ್ಮ ಕಡೆಯ ಇಂಗ್ಲಿಷಿನ ಮೂರು ಗುರುತುಗಳಿವೆ. "ಐ ಆ್ಯಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯೆನ್ಸ್" ಎಂಬಲ್ಲಿ "ಐ ಹ್ಯಾವ್" ಎಂದರೆ ಸಾಕು. "ಪಾಸ್ಡ್ ಔಟ್" ಎಂದರೆ ಬೆಂಗಳೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಪತ್ರ ಹೊರದೇಶದ ಅಧಿಕಾರಿಯ ಕೈ ಸೇರಿದರೆ ನೀವು ಆ ವರ್ಷ ಮೂರ್ಛೆ ಹೋದಿರೆಂದು ಅವರು ಓದಿಕೊಳ್ಳಬಹುದು, "ಗ್ರ್ಯಾಜುಯೇಟೆಡ್" ಎನ್ನಿ. "ಕೈಂಡ್ಲಿ ಡೂ ದಿ ನೀಡ್‌ಫುಲ್" ಎಂಬುದನ್ನು ತೆಗೆದು, ಭೇಟಿಗೆ ಅವಕಾಶ ಕೊಟ್ಟರೆ ಸಂತೋಷವೆಂದು ನೇರವಾಗಿ ಬರೆಯಿರಿ. ಇದಕ್ಕೆ ಯಾವ ತಂತ್ರಾಂಶವೂ ಬೇಕಾಗಿರಲಿಲ್ಲ.

ಪ್ರಶ್ನೆ: ಡಿಟಿಪಿ ಅಂಗಡಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿದ ಅರ್ಜಿಯನ್ನು ಇಮೇಲ್ ಮಾಡಿದೆ. "ನಿಮ್ಮ ಪತ್ರ ಓದಲಾಗುತ್ತಿಲ್ಲ" ಎಂಬ ಉತ್ತರ ಬಂತು. ನನ್ನ ಬಳಿಯಿರುವ ಮುದ್ರಿತ ಪ್ರತಿ ಸರಿಯಾಗಿಯೇ ಇದೆ. ಏನು ಮಾಡಲಿ?
— ಓದುಗ, ರಾಯಚೂರು

ಉತ್ತರ: ಅಂಗಡಿಯವರು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿರಬೇಕು. ಆ ಶೈಲಿಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ಮಾಡುತ್ತವೆ. ಆ ಶೈಲಿಯೇ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಚಿತ್ರದ ಮುಸುಕು ಕಳಚಿ ಅಡಿಯಲ್ಲಿರುವುದು ಕಾಣುತ್ತದೆ. ನುಡಿಯಲ್ಲಿ ಬರೆದ "ಕನ್ನಡ" ಎಂಬ ಪದ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ ಎಂದೆಲ್ಲ ಆಗಿ ಅವರಿಗೆ ಕಂಡಿರುತ್ತದೆ.

ಪ್ರತಿಯೊಂದು ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಈ ತೊಂದರೆ ಇಲ್ಲ. ಅದರ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನಗಳಿವೆ, ಕನ್ನಡ ಗಣಕ ಪರಿಷತ್ತಿನ ನುಡಿಯ ಹೊಸ ಆವೃತ್ತಿಗಳಲ್ಲಿಯೂ ಯೂನಿಕೋಡ್ ಆಯ್ಕೆ ಇದೆ. ಅಂಗಡಿಯವರಿಗೆ ಹೇಳಿ ಯೂನಿಕೋಡಿಗೆ ಪರಿವರ್ತಿಸಿ, ಪಿಡಿಎಫ್ ಮಾಡಿಸಿಕೊಂಡು, ಕಳುಹಿಸುವ ಮುನ್ನ ನಿಮ್ಮ ಮೊಬೈಲಿನಲ್ಲಿ ತೆರೆದು ನೋಡಿ. ಒಂದು ಎಚ್ಚರಿಕೆ: ಪರಿವರ್ತನೆಯಾದ ಪತ್ರವನ್ನು ಹೊಸದಾಗಿ ಬರೆದದ್ದೆಂದೇ ತಿಳಿದು ಮತ್ತೆ ಪೂರ್ತಿ ಓದಬೇಕು, ಏಕೆಂದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಆ ಹಾದಿಯಲ್ಲಿ ಸ್ಥಳ ತಪ್ಪುವುದುಂಟು. "ರ‍್ಯಾಂಕ್" ಎಂಬ ಪದವನ್ನಂತೂ ಹುಡುಕಿ ನೋಡಿ. ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಇಲ್ಲದಿದ್ದರೆ ರಕಾರವು ಅರ್ಕಾವತ್ತಾಗಿ ಯಕಾರದ ಹಿಂದೆ ಹೋಗಿ ಕೂರುತ್ತದೆ. ನಿಮ್ಮ ಪದವಿಯ ಹೆಗ್ಗಳಿಕೆಯ ಸಾಲೇ ಹಾಳಾದರೆ ಹೇಗೆ?

ಪ್ರಶ್ನೆ: ಕಳುಹಿಸುವ ಮೊದಲು ಐದಾರು ಸಲ ಓದುತ್ತೇನೆ, ತಪ್ಪು ಕಾಣುವುದಿಲ್ಲ. ಕಳುಹಿಸಿದ ಮರುಕ್ಷಣ ಕಾಣುತ್ತದೆ. ಇದು ನನ್ನೊಬ್ಬಳ ಕಥೆಯೇ?
— ಓದುಗಿ, ಮೈಸೂರು

ಉತ್ತರ: ಅಲ್ಲ, ನನ್ನದೂ ಹೌದು. ಹಲವು ವರ್ಷಗಳ ಹಿಂದೆ ಪತ್ರಿಕೆಯೊಂದರ ಉಪಸಂಪಾದಕ ಹುದ್ದೆಗೆ ಅರ್ಜಿ ಬರೆದೆ. ಹಿಂದೆ ಬೇರೊಂದು ಪತ್ರಿಕೆಗೆ ಬರೆದಿದ್ದ ಅರ್ಜಿಯನ್ನೇ ಎದುರಿಗಿಟ್ಟುಕೊಂಡು ನಕಲು ಮಾಡಿದ್ದೆ. ಮೇಲಿನ ವಿಳಾಸವನ್ನು ಬದಲಿಸಿದ್ದೆ, ಎರಡನೆಯ ಪ್ಯಾರಾದಲ್ಲಿ "ತಮ್ಮ ಪತ್ರಿಕೆಯ ಬಹುಕಾಲದ ಓದುಗ ನಾನು" ಎಂಬಲ್ಲಿ ಹಳೆಯ ಪತ್ರಿಕೆಯ ಹೆಸರೇ ಉಳಿದುಹೋಗಿತ್ತು. ಎರಡು ವಾರದ ಮೇಲೆ ನನ್ನ ಪತ್ರವೇ ಹಿಂದಕ್ಕೆ ಬಂತು. ಆ ಹೆಸರಿನ ಸುತ್ತ ಕೆಂಪು ಶಾಯಿಯ ಒಂದು ಸುತ್ತು, ಬೇರೆ ಮಾತಿಲ್ಲ. ತಪ್ಪು ಹುಡುಕುವುದೇ ಆ ಹುದ್ದೆಯ ಕೆಲಸವಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ನಾವು ಬರೆದದ್ದನ್ನು ನಾವೇ ಓದುವಾಗ ಕಣ್ಣು ಕಾಗದದ ಮೇಲಿದ್ದರೂ ಓದುವುದು ಮನಸ್ಸಿನಲ್ಲಿರುವುದನ್ನು. ಆದ್ದರಿಂದ ಓದುವ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಓದುವ ಬಗೆಯನ್ನು ಬದಲಿಸುವುದು ಮೇಲು. ಹಳೆಯ ಮುದ್ರಣಾಲಯಗಳಲ್ಲಿ ಪ್ರೂಫ್ ನೋಡಲು ಇಬ್ಬರು ಕೂರುತ್ತಿದ್ದರು. ಒಬ್ಬರು ಹಸ್ತಪ್ರತಿಯನ್ನು ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ ಗಟ್ಟಿಯಾಗಿ ಓದಿದರೆ, ಇನ್ನೊಬ್ಬರು ಗ್ಯಾಲಿ ಪ್ರೂಫಿನ ಮೇಲೆ ಸೀಸದ ಕಡ್ಡಿಯ ತುದಿಯನ್ನು ಪದದಿಂದ ಪದಕ್ಕೆ ಸರಿಸುತ್ತಿದ್ದರು. ಮನೆಯಲ್ಲಿ ತಮ್ಮನೋ ಅಮ್ಮನೋ ಸಿಕ್ಕರೆ ಅವರ ಕೈಗೆ ಪತ್ರ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯ ತೊಡಕಾಗಿದೆ ಎಂದರ್ಥ. ಯಾರೂ ಸಿಗದಿದ್ದರೆ ಒಂದು ರಾತ್ರಿ ಬಿಟ್ಟು, ಮುದ್ರಿಸಿಕೊಂಡು, ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಅರ್ಥದ ಓಟ ನಿಂತುಹೋಗುವುದರಿಂದ ಅಕ್ಷರಗಳು ಕಣ್ಣಿಗೆ ಬೀಳುತ್ತವೆ.

ಗಟ್ಟಿಯಾಗಿ ಓದುವುದಕ್ಕೂ ಒಂದು ಮಿತಿ ಇದೆ. ದಿನದ ಮಾತಿನಲ್ಲಿ ನಮ್ಮಲ್ಲಿ ಬಹುಮಂದಿ ಮಹಾಪ್ರಾಣವನ್ನು ಉಚ್ಚರಿಸುವುದೇ ಇಲ್ಲ, ಶಕಾರ ಷಕಾರಗಳನ್ನೂ ಬೇರೆಬೇರೆ ಮಾಡುವುದಿಲ್ಲ. ಹಾಗಾಗಿ "ದೃಢೀಕೃತ" ಎಂಬುದನ್ನು "ಧೃಡೀಕೃತ" ಎಂದು ಬರೆದರೆ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಬೇಕು, ಅನುಮಾನ ಬಂದಲ್ಲೆಲ್ಲ ನಿಘಂಟು ತೆಗೆಯಬೇಕು. ನೀವು ಪದೇ ಪದೇ ತಪ್ಪುವ ಹತ್ತು ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ಒಬ್ಬೊಬ್ಬರ ತಪ್ಪುಗಳೂ ಅವರವರ ಕೈಬರಹದಷ್ಟೇ ಸ್ವಂತದ್ದು.

ಹೆಸರು ಮತ್ತು ಅಂಕಿಗಳಿಗೆ ಪ್ರತ್ಯೇಕವಾಗಿ ಇನ್ನೊಂದು ಸುತ್ತು ಬೇಕು. ಸಂಸ್ಥೆಯ ಹೆಸರನ್ನು ಜಾಹೀರಾತಿನೊಂದಿಗೆ, ನಿಮ್ಮ ಹೆಸರನ್ನೂ ಇನಿಷಿಯಲ್ಲನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೊಂದಿಗೆ, ತೇರ್ಗಡೆಯಾದ ವರ್ಷವನ್ನು ಸ್ವವಿವರದೊಂದಿಗೆ ಬೆರಳಿಟ್ಟು ತಾಳೆ ನೋಡಿ. ಲಗತ್ತುಗಳು ಐದೆಂದು ಬರೆದಿದ್ದರೆ ಐದನ್ನೂ ಎಣಿಸಿ. ಆಮೇಲೆ ಪತ್ರದಲ್ಲಿರುವ ಮೊಬೈಲ್ ಸಂಖ್ಯೆಯನ್ನು ನೆನಪಿನಿಂದಲ್ಲದೆ ಕಾಗದ ನೋಡಿಕೊಂಡೇ ಬೇರೊಬ್ಬರ ಫೋನಿನಿಂದ ಒತ್ತಿಸಿ. ನಿಮ್ಮ ಕೈಯಲ್ಲಿರುವ ಫೋನು ಸದ್ದು ಮಾಡಿದರೆ ಲಕೋಟೆಗೆ ಅಂಟು ಹಚ್ಚಬಹುದು.